ಹದಿನೈದು ನಿಮಿಷದ ಕೆಲಸಕ್ಕೆ ಏಳು ತಾಸು: ಒಂದು ತೆರಿಗೆ ಕಚೇರಿಯ ಪ್ರಕರಣ

ಉತ್ತರ ಕರ್ನಾಟಕದ ಒಂದು ಜಿಲ್ಲಾ ಕೇಂದ್ರದಲ್ಲಿ ಜಿಎಸ್‌ಟಿ ಮತ್ತು ಆದಾಯ ತೆರಿಗೆಯ ಕೆಲಸ ಮಾಡುವ ಸಲಹೆಗಾರರೊಬ್ಬರ ಕಚೇರಿಯ ಕಥೆ ಇದು. ನಾನೂ ಅದೇ ವೃತ್ತಿಯವನು, ಅವರ ಹಳೆಯ ಗೆಳೆಯ. 2023ರ ಜೂನ್‌ನಿಂದ ಮುಂದಿನ ವರ್ಷದ ಆಗಸ್ಟ್‌ವರೆಗೆ ಅಲ್ಲಿ ನಡೆದದ್ದನ್ನು ಹತ್ತಿರದಿಂದ ನೋಡಿದ್ದೇನೆ, ಕೆಲವು ತೀರ್ಮಾನಗಳಲ್ಲಿ ನನ್ನ ಪಾಲೂ ಇದೆ. ಅವರು ಒಪ್ಪಿದ ಮೇಲೆಯೇ ಬರೆಯುತ್ತಿದ್ದೇನೆ. ಊರು, ಹೆಸರು ಬಿಟ್ಟಿದ್ದೇನೆ. ಪಾರ್ಟಿಗಳ ಗುರುತು ಹತ್ತುವಂಥ ವಿವರಗಳನ್ನು ಬದಲಿಸಿದ್ದೇನೆ. (ನಮ್ಮಲ್ಲಿ ಲೆಕ್ಕ ಕೊಡುವ ವ್ಯಾಪಾರಿಗೆ 'ಪಾರ್ಟಿ' ಅಂತಲೇ ಅನ್ನುವುದು.)

ಹಿನ್ನೆಲೆ

ಗೆಳೆಯರು ಕಚೇರಿ ತೆರೆದದ್ದು 2009ರಲ್ಲಿ. ಆಗ ಜಿಎಸ್‌ಟಿಗೆ ಮುಂಚಿನ ಮಾರಾಟ ತೆರಿಗೆಯಾದ ವ್ಯಾಟ್ ಕಾಲ. ವ್ಯಾಪಾರಿಗಳು ತಿಂಗಳ ಬಿಲ್ಲುಗಳನ್ನು ಬಟ್ಟೆಯ ಚೀಲದಲ್ಲಿ ತುಂಬಿಕೊಂಡು ತಾವೇ ಬರುತ್ತಿದ್ದರು. ಕೂತು ಚಹಾ ಕುಡಿದು, ಅನುಮಾನ ಕೇಳಿ, ಸಹಿ ಮಾಡಬೇಕಾದಲ್ಲಿ ಮಾಡಿ ಎದ್ದು ಹೋಗುತ್ತಿದ್ದರು. ಅವರು ಎದ್ದು ಹೋದರೆಂದರೆ ಆ ತಿಂಗಳ ಮಟ್ಟಿಗೆ ಅವರ ಕೆಲಸ ಹೆಚ್ಚುಕಡಿಮೆ ಮುಗಿಯಿತೆಂದೇ ಅರ್ಥ. ಅರವತ್ತು ಪಾರ್ಟಿಗಳಿದ್ದವು, ಒಬ್ಬರು ಸಹಾಯಕಿ ಇದ್ದರು. ಸಂಜೆ ಏಳಕ್ಕೆ ಶಟರ್ ಇಳಿಯುತ್ತಿತ್ತು.

2017ರ ಜುಲೈ 1ರಂದು ಜಿಎಸ್‌ಟಿ ಬಂತು. ನೋಂದಣಿ, ರಿಟರ್ನ್, ಚಲನ್ ಎಲ್ಲವೂ ಒಂದೇ ಪೋರ್ಟಲ್‌ಗೆ ಹೋದವು. ಪ್ರತಿ ಪಾರ್ಟಿಯ ಖಾತೆಗೂ ಒಂದು ಮೊಬೈಲ್ ನಂಬರ್, ಒಂದು ಇಮೇಲ್ ಬೇಕು. ಸಹಿಯ ಜಾಗಕ್ಕೆ ಒಟಿಪಿ ಬಂತು. ಕಂಪನಿಗಳಿಗೆ ಡಿಜಿಟಲ್ ಸಹಿ ಕಡ್ಡಾಯವಾದರೂ ಒಬ್ಬರೇ ಮಾಲೀಕರಾಗಿರುವ ಅಂಗಡಿಗಳು ಒಟಿಪಿಯಿಂದಲೇ ರಿಟರ್ನ್ ಸಲ್ಲಿಸಬಹುದು. ನಮ್ಮ ಊರುಗಳಲ್ಲಿ ಅಂಥ ಅಂಗಡಿಗಳೇ ಹೆಚ್ಚು. ಆ ಗಡಿಬಿಡಿಯ ದಿನಗಳಲ್ಲಿ ಹಲವರು ಗೆಳೆಯರಿಗೆ ಹೇಳಿದ್ದು ಒಂದೇ ಮಾತು: "ನಿಮ್ಮ ನಂಬರ್‌ನ ಹಾಕ್ರಿ ಸರ, ಆ ಮೆಸೇಜು ಗಿಸೇಜು ನಮಗ ತಿಳಿಯಂಗಿಲ್ಲ." ಗೆಳೆಯರು ಹಾಕಿದರು. ತಮ್ಮದು, ಪತ್ನಿಯದು, ಕಚೇರಿಗೆಂದು ಕೊಂಡ ಎರಡು ಸಿಮ್, ಹೀಗೆ ನಾಲ್ಕು ನಂಬರ್‌ಗಳಲ್ಲಿ 34 ಪಾರ್ಟಿಗಳು ಸೇರಿಕೊಂಡವು. ಪಾರ್ಟಿಗೆ ಉಪಕಾರವಾಯಿತು, ತಮಗೂ ಫೋನ್ ಮಾಡಿ ಒಟಿಪಿ ಕೇಳುವುದು ತಪ್ಪಿತು. ಆವತ್ತು ನಾನಾಗಿದ್ದರೂ ಹಾಗೇ ಮಾಡುತ್ತಿದ್ದೆ. ಕೆಲವರಿಗೆ ಮಾಡಿಯೂ ಇದ್ದೆ.

2023ರ ಹೊತ್ತಿಗೆ ಪಾರ್ಟಿಗಳು 140 ಆಗಿದ್ದವು, ಸಹಾಯಕಿಯರು ಇಬ್ಬರು. ಬಿಲ್ಲಿನ ಚೀಲ ಕಾಣೆಯಾಗಿ ಆ ಜಾಗಕ್ಕೆ ವಾಟ್ಸ್‌ಆಪ್ ಫೋಟೊ ಬಂದಿತ್ತು. ರಾತ್ರಿ ಹನ್ನೊಂದಕ್ಕೆ ಶಟರ್ ಇಳಿಸುವುದು ರೂಢಿಯಾಗಿತ್ತು.

ಈ ವೃತ್ತಿಯ ಹೊರಗಿನವರಿಗೆ ತಿಂಗಳ ಲಯ ಸ್ವಲ್ಪ ಗೊತ್ತಿರಬೇಕು. ಮಾರಾಟದ ವಿವರದ ಜಿಎಸ್‌ಟಿಆರ್-1 ಸಲ್ಲಿಸಲು 11ನೇ ತಾರೀಖು ಗಡುವು. ಖರೀದಿಯ ಮೇಲೆ ಎಷ್ಟು ತೆರಿಗೆ ವಜಾ ಸಿಗುತ್ತದೆಂದು ತೋರಿಸುವ 2ಬಿ ಪಟ್ಟಿ ಪೋರ್ಟಲ್‌ನಲ್ಲಿ ಮೂಡುವುದು 14ಕ್ಕೆ. ಅದನ್ನು ನೋಡದೆ ತಿಂಗಳ ತೆರಿಗೆ ಲೆಕ್ಕ ಹಾಕಿ ಕಟ್ಟುವ 3ಬಿ ರಿಟರ್ನ್ ತಯಾರಿಸಲಾಗದು, ಅದರ ಗಡುವು 20. ದಾಟಿದರೆ ದಿನಕ್ಕೆ 50 ರೂಪಾಯಿ ವಿಳಂಬ ಶುಲ್ಕ, ಕಟ್ಟಬೇಕಾದ ತೆರಿಗೆಗೆ ವರ್ಷಕ್ಕೆ ಶೇ 18ರ ಲೆಕ್ಕದ ಬಡ್ಡಿ. ಅಂದರೆ ತಿಂಗಳ ತಿರುಳು ಕೆಲಸವೆಲ್ಲ ಆರೇಳು ದಿನಗಳಲ್ಲಿ ಬಂದು ಕೂರುತ್ತದೆ.

ಜೂನ್ ಕೊನೆಯ ಶನಿವಾರ

ಸಂಜೆ ಐದರ ಸುಮಾರಿಗೆ ಪಂಪ್‌ಸೆಟ್ ಅಂಗಡಿಯ ಮಾಲೀಕರಿಂದ ಫೋನ್ ಬಂತು. "ಗಾಡಿ ಲೋಡ್ ಆಗಿ ನಿಂತೈತ್ರಿ ಸರ, ಇ-ವೇ ಬಿಲ್ಲ ಹೊಂಡವಲ್ದು." ಐವತ್ತು ಸಾವಿರ ರೂಪಾಯಿ ಮೀರಿದ ಸರಕು ಇ-ವೇ ಬಿಲ್ ಇಲ್ಲದೆ ರಸ್ತೆಗೆ ಇಳಿಯುವಂತಿಲ್ಲ. ಪಕ್ಕದ ಜಿಲ್ಲೆಯ ರೈತರು ಬಿತ್ತನೆಯ ಹಂಗಾಮಿನಲ್ಲಿ ಆ ಪಂಪುಗಳಿಗೆ ಕಾದಿದ್ದರು.

ಪೋರ್ಟಲ್ ತೆರೆದು ನೋಡಿದರೆ ಆ ಅಂಗಡಿಯ ಜಿಎಸ್‌ಟಿ ನೋಂದಣಿಯೇ ಅಮಾನತಿನಲ್ಲಿತ್ತು. ನೋಂದಣಿ ಏಕೆ ರದ್ದು ಮಾಡಬಾರದು ಎಂದು ಕೇಳುವ ನೋಟಿಸ್ ಬಂದು 12 ದಿನವಾಗಿತ್ತು. ಉತ್ತರಿಸಲು ಇದ್ದ ಏಳು ಕೆಲಸದ ದಿನಗಳು ಕಳೆದಿದ್ದವು. ರದ್ದತಿ ಆದೇಶ ಮಾತ್ರ ಇನ್ನೂ ಹೊರಟಿರಲಿಲ್ಲ. ಆ ವರ್ಷ ಮೇ 16ರಿಂದ ಜುಲೈ 15ರವರೆಗೆ ನಕಲಿ ನೋಂದಣಿಗಳನ್ನು ಹುಡುಕುವ ವಿಶೇಷ ಕಾರ್ಯಾಚರಣೆ ದೇಶದಾದ್ಯಂತ ನಡೆದಿತ್ತು. ಅಧಿಕಾರಿಗಳು ನೋಂದಾಯಿತ ವಿಳಾಸಕ್ಕೆ ಹೋದಾಗ ಅಲ್ಲಿ ಅಂಗಡಿ ಇರಲಿಲ್ಲ. ಅದು ಮಾರ್ಚ್‌ನಲ್ಲೇ ಮುಖ್ಯ ರಸ್ತೆಗೆ ಸ್ಥಳಾಂತರವಾಗಿತ್ತು. ವಿಳಾಸ ಬದಲಾದರೆ 15 ದಿನದೊಳಗೆ ಪೋರ್ಟಲ್‌ನಲ್ಲಿ ತಿದ್ದುಪಡಿಗೆ ಅರ್ಜಿ ಹಾಕಬೇಕು. ಯಾರೂ ಹಾಕಿರಲಿಲ್ಲ.

ಮಾಲೀಕರು ಹೇಳದೆ ಇರಲಿಲ್ಲ. ಮಾರ್ಚ್ 19ರ ರಾತ್ರಿ ಅವರು ಕಳಿಸಿದ 50 ಸೆಕೆಂಡಿನ ಧ್ವನಿ ಸಂದೇಶ ಗೆಳೆಯರ ಫೋನಿನಲ್ಲಿ ಸಿಕ್ಕಿತು. ಮೊದಲ ನಲವತ್ತು ಸೆಕೆಂಡು ಬಿಲ್ಲುಗಳ ಮಾತು, ಕೊನೆಯ ಹತ್ತು ಸೆಕೆಂಡಿನಲ್ಲಿ ಅಂಗಡಿ ಬದಲಿಸಿದ ಸುದ್ದಿ. ಗೆಳೆಯರು ಅದಕ್ಕೆ ಹೆಬ್ಬೆರಳೆತ್ತಿದ ಇಮೋಜಿ ಹಾಕಿದ್ದರು. ಅದು 3ಬಿ ಗಡುವಿನ ಹಿಂದಿನ ರಾತ್ರಿ.

ನೋಟಿಸ್ ಬಂದ ಸುದ್ದಿಯ ಎಸ್‌ಎಂಎಸ್ ಕಚೇರಿಯ ಮೇಜಿನ ಡ್ರಾದಲ್ಲಿದ್ದ ಹಳೆಯ ಫೋನಿಗೆ ಬಂದಿತ್ತು. ಆ ಅಂಗಡಿ ಆ ಸಿಮ್‌ನ ನಂಬರಿನಲ್ಲಿತ್ತು. ಜೂನ್ 12ರಿಂದ 20ರವರೆಗೆ ಅದೇ ಫೋನಿಗೆ ಬಂದ ಒಟಿಪಿಗಳ ಕೆಳಗೆ ಆ ಒಂದು ಸಾಲು ಹೂತುಹೋಗಿತ್ತು. ಒಟಿಪಿ ಓದುವಾಗ ಕಣ್ಣು ಹುಡುಕುವುದು ಆರು ಅಂಕಿಗಳನ್ನು ಮಾತ್ರ, ಉಳಿದದ್ದನ್ನು ಯಾರೂ ಓದುವುದಿಲ್ಲ.

ಉತ್ತರ ಬರೆದು, ಬಾಡಿಗೆ ಕರಾರು ಮತ್ತು ವಿದ್ಯುತ್ ಬಿಲ್ ಜೋಡಿಸಿ, ವಿಳಾಸ ತಿದ್ದುಪಡಿಗೆ ಅರ್ಜಿ ಹಾಕಿ, ತೆರಿಗೆ ಇಲಾಖೆಯ ಕಚೇರಿಗೆ ಅಲೆದು ಅಮಾನತು ತೆರವಾಗುವಷ್ಟರಲ್ಲಿ ಮತ್ತೆ 11 ದಿನ ಹಿಡಿಯಿತು. ಹಂಗಾಮು ಅಂಗಡಿಗೆ ಕಾಯಲಿಲ್ಲ, ರೈತರು ಬೇರೆ ಕಡೆ ಪಂಪು ಕೊಂಡರು. ಮಾಲೀಕರು ಕೂಗಾಡಲಿಲ್ಲ. ಎಲ್ಲ ಮುಗಿದ ಮೇಲೆ ಒಂದು ದಿನ ಬಂದು ಕೂತು, "ಇನ್ ಮ್ಯಾಲ ನಂಬರ್ ನಮ್ಮ ಹುಡುಗಂದ ಹಾಕ್ರಿ ಸರ. ಏನರ ಬಂದ್ರ ನಮಗರ ಗೊತ್ತಾಕ್ಕೈತಿ" ಎಂದರು. ಈ ಪ್ರಕರಣದ ಅತಿ ಮುಖ್ಯ ಮಾತನ್ನು ಆಡಿದವರು ಅವರೇ. ಅದರ ತೂಕ ಆವತ್ತು ನಮಗೆ ಗೊತ್ತಾಗಲಿಲ್ಲ.

ಮೊದಲು ಮಾಡಿ ನೋಡಿದ್ದು

ಗೆಳೆಯರು ಈ ಘಟನೆಗೆ ಮುಂಚೆಯೇ ಹೊತ್ತಿನ ಜೊತೆ ಹೋರಾಡುತ್ತಿದ್ದರು. 2021ರಲ್ಲಿ ಮನೆಗೊಂದು ಕಚೇರಿಗೊಂದು ಎಂದು ಎರಡು ಫೋನ್ ಇಟ್ಟರು. ಎರಡು ತಿಂಗಳಲ್ಲಿ ಮನೆಯ ನಂಬರೂ ಪಾರ್ಟಿಗಳಿಗೆ ಗೊತ್ತಾಯಿತು. ಕಿಸೆಯಲ್ಲಿ ಎರಡು ಫೋನ್ ಉಳಿದವು, ಅಷ್ಟೇ. ಮುಂದಿನ ವರ್ಷ ಕೆಲಸಗಳ ಪಟ್ಟಿ ಇಡುವ ಆ್ಯಪ್ ಹಾಕಿಕೊಂಡರು. ಪ್ರತಿ ಸಂದೇಶವನ್ನೂ ಕೇಳಿ, ಅದರಿಂದ ಕೆಲಸ ಹೆಕ್ಕಿ, ಆ್ಯಪ್‌ನಲ್ಲಿ ಬರೆದು, ತಾರೀಖು ಹಾಕುವುದೇ ದಿನಕ್ಕೆ ಮುಕ್ಕಾಲು ತಾಸು ತಿನ್ನುತ್ತಿತ್ತು. ಮೂರು ವಾರಕ್ಕೆ ಬಿಟ್ಟರು. ಇನ್ನೂ ಒಂದು ತೊಡಕಿತ್ತು. ಪಟ್ಟಿಯಲ್ಲಿದ್ದ ಹೆಚ್ಚಿನ ಕೆಲಸಗಳು ಅವರ ಕೈಯಲ್ಲಿರಲೇ ಇಲ್ಲ. 'ಇಂಥ ಅಂಗಡಿಯ 3ಬಿ' ಎಂದು ಬರೆದರೆ ಅದು ಆ ಅಂಗಡಿಯವರು ಬಿಲ್ ಕಳಿಸುವವರೆಗೆ, ಚಲನ್ ಕಟ್ಟುವವರೆಗೆ, ಒಟಿಪಿ ಹೇಳುವವರೆಗೆ ಪಟ್ಟಿಯಲ್ಲೇ ಕೂತಿರುತ್ತಿತ್ತು. ಸಂಜೆ ಪಟ್ಟಿ ನೋಡಿದರೆ ತಾನು ಸೋಮಾರಿ ಎಂಬ ಭಾವನೆ ಬರುತ್ತಿತ್ತಂತೆ.

ಜೂನ್ ಘಟನೆಯ ನಂತರ ನಾನು ಕೊಟ್ಟ ಸಲಹೆಯೂ ತಪ್ಪೇ. ಬೆಳಿಗ್ಗೆ ಹತ್ತರಿಂದ ಒಂದರವರೆಗೆ ಫೋನ್ ಸೈಲೆಂಟ್ ಇಡಿ, ಆಮೇಲೆ ಒಟ್ಟಿಗೆ ನೋಡಿ ಎಂದೆ. ಅವರು ಇಟ್ಟರು. ಪಾರ್ಟಿಗಳು ಸಹಾಯಕಿಯರಿಗೆ ಫೋನ್ ಹಚ್ಚಿದರು, ಇಬ್ಬರು ಗಾಡಿ ತೆಗೆದುಕೊಂಡು ಬಂದೇ ಬಿಟ್ಟರು. "ಸರ ಫೋನ್ ಎತ್ತಂಗಿಲ್ಲ ಈಗ" ಎಂದು ಪೇಟೆಯಲ್ಲಿ ಮಾತಾಯಿತು. ಒಂದು ಗಂಟೆಗೆ ಫೋನ್ ಕೈಗೆತ್ತಿಕೊಂಡರೆ ಮಧ್ಯಾಹ್ನವಿಡೀ ಅದಕ್ಕೇ ಹೋಗುತ್ತಿತ್ತು. ಐದನೇ ದಿನ ನಿಲ್ಲಿಸಿದರು.

ಇಲ್ಲೊಂದು ವಿಷಯ ಬೇರೆ ಮಾಡಿ ನೋಡಬೇಕು. ಹೊತ್ತು ಹಾಳಾಗುತ್ತದೆ ಎಂದ ಕೂಡಲೇ ನಾವು ಮೊಬೈಲ್ ಗೀಳಿನ ಕಡೆ ಬೆರಳು ಮಾಡುತ್ತೇವೆ. ಅಂಥ ತೊಂದರೆ ಇದ್ದವರಿಗೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದ ಪ್ರತ್ಯೇಕ ಚಿಕಿತ್ಸಾಲಯವೇ ಇದೆ, ಹೋಗಬೇಕಾದವರು ಖಂಡಿತ ಹೋಗಬೇಕು. ಆದರೆ ಗೆಳೆಯರು ರೀಲ್ಸ್ ನೋಡುವವರಲ್ಲ, ಆಟ ಆಡುವವರಲ್ಲ. ಫೋನಿನಲ್ಲಿ ಅವರು ಮಾಡುತ್ತಿದ್ದದ್ದೆಲ್ಲ ಕೆಲಸವೇ. ಅವರಿಗೆ ಮನೋನಿಗ್ರಹದ ಪಾಠ ಹೇಳಿದ ನನ್ನಂಥವರು ರೋಗ ತಿಳಿಯದೆ ಮದ್ದು ಕೊಟ್ಟಿದ್ದೆವು.

ರೂಲ್ ಹಾಳೆಯ ಮೂರು ದಿನ

ದಾರಿ ತೋರಿದವರು ಹಿರಿಯ ಸಹಾಯಕಿ. ವ್ಯಾಟ್ ಕಾಲದಿಂದ ಅಲ್ಲೇ ಇರುವವರು, ಎಲ್ಲರೂ ಅವರನ್ನು ಅಕ್ಕಾರು ಎನ್ನುತ್ತಾರೆ. ಜುಲೈ 17, 18, 19, ಮೂರೂ ದಿನ ಕೆಲಸ ನಿಲ್ಲಿಸಿದ್ದು ಏನು ಎಂಬುದನ್ನು ಅವರು ರೂಲ್ ಹಾಳೆಯ ಮೇಲೆ ಗೀಟು ಹಾಕುತ್ತ ಬರೆದರು. ಯಾರ ಫೋನ್, ಯಾವುದಕ್ಕೆ, ಆಗಲೇ ನೋಡಬೇಕಿತ್ತೇ ಅಥವಾ ಸಂಜೆಗೆ ನಡೆಯುತ್ತಿತ್ತೇ.

18ರ ಹಾಳೆ ನನ್ನ ಮುಂದಿದೆ. ಆ ದಿನ ಗೆಳೆಯರ ಕೆಲಸ 83 ಸಲ ನಿಂತಿತು. ಒಟಿಪಿ ಕೇಳುವುದು, ಕಾಯುವುದು, ಅವಧಿ ಮುಗಿದು ಮತ್ತೆ ತರಿಸುವುದು, ಇವೇ 37. "ನಮ್ದು ಆತೇನ್ರಿ?" ಎಂದು ಕೇಳಿದವರು 19. ಬಿಲ್ಲಿನ ಫೋಟೊಗಳು 11, ಧ್ವನಿ ಸಂದೇಶಗಳು 9, ಮನೆಯದೂ ಸೇರಿ ಉಳಿದವು 7. ಆ ಕ್ಷಣವೇ ನೋಡಬೇಕಾಗಿದ್ದವು ನಾಲ್ಕು.

ಇದಕ್ಕಿಂತ ನನ್ನನ್ನು ತಡೆದು ನಿಲ್ಲಿಸಿದ್ದು ಅಕ್ಕಾರು ಹಾಳೆಯ ಅಂಚಿನಲ್ಲಿ ಬರೆದಿದ್ದ ಒಂದು ಕಿರಾಣಿ ಅಂಗಡಿಯ ಲೆಕ್ಕ. ಅದರ 3ಬಿ ತಯಾರಿಸಲು ಆಗುವ ಕೆಲಸ ಹದಿನೈದು ನಿಮಿಷದ್ದು. ಬೆಳಿಗ್ಗೆ 10.20ಕ್ಕೆ ತೆರೆದದ್ದು ಸಲ್ಲಿಕೆಯಾದದ್ದು ಸಂಜೆ 5.40ಕ್ಕೆ. ನಡುವೆ ಒಂದು ಬಿಲ್ ಕಡಿಮೆ ಬಿತ್ತು, ಚಲನ್ ಕಟ್ಟಲು ಅಂಗಡಿಯವರ ಮಗ ಕಾಲೇಜಿನಿಂದ ಬರಬೇಕಾಯಿತು, ಒಟಿಪಿ ಎರಡು ಸಲ ಹೊತ್ತು ಮೀರಿತು, ಪೋರ್ಟಲ್ ಸುಮ್ಮನೆ ಬಿಟ್ಟಿದ್ದಕ್ಕೆ ಹೊರಗೆ ಹಾಕಿತು. ಆ ಏಳು ತಾಸು ಇಪ್ಪತ್ತು ನಿಮಿಷವೂ ಆ ಅಂಗಡಿ ಗೆಳೆಯರ ತಲೆಯಲ್ಲಿ ಅರ್ಧ ತೆರೆದ ಬಾಗಿಲಿನ ಹಾಗೆ ಇತ್ತು. ಅದೇ ಹೊತ್ತಿಗೆ ಅಂಥವು ಇನ್ನೂ ಹತ್ತು ಹನ್ನೆರಡು ಇದ್ದವು. ಒಂದು ಕೆಲಸ ಮುಗಿಸದೆ ಇನ್ನೊಂದಕ್ಕೆ ಹೋದರೆ ಗಮನದ ಒಂದು ಪಾಲು ಹಿಂದಿನದರಲ್ಲೇ ಅಂಟಿಕೊಂಡಿರುತ್ತದೆ ಎಂದು ಸೋಫಿ ಲೆರಾಯ್ ಎಂಬ ಸಂಶೋಧಕಿ 2009ರಲ್ಲಿ ತೋರಿಸಿದ್ದರು. ಅದನ್ನು ನಾನು ಓದಿದ್ದೆ. ಅಕ್ಕಾರ ಹಾಳೆಯಲ್ಲಿ ಅದನ್ನು ಕಣ್ಣಾರೆ ಕಂಡೆ.

ಮಾಡುವ ಕೆಲಸಕ್ಕೆ ಹೊತ್ತು ಸಾಲದೆ ಅವರು ರಾತ್ರಿ ಹನ್ನೊಂದು ಮಾಡುತ್ತಿರಲಿಲ್ಲ. ಕಾಯುವುದನ್ನೂ ಮಾಡುವುದನ್ನೂ ಒಂದರೊಳಗೊಂದು ಹೆಣೆದುಕೊಂಡಿದ್ದರು.

ನಂಬರ್ ಮರಳಿಸುವ ತೀರ್ಮಾನ

ಆ ಹಾಳೆಗಳ ಮುಂದೆ ಕೂತು ನಾವು ಎರಡು ಸಂಜೆ ಮಾತಾಡಿದೆವು. ಸುಲಭದ ದಾರಿಯೊಂದು ಎದುರಿಗೇ ಇತ್ತು. 37 ಸಲದ ತೊಂದರೆ ಒಟಿಪಿಯದಾದರೆ ಉಳಿದ 106 ಪಾರ್ಟಿಗಳ ನಂಬರನ್ನೂ ಕಚೇರಿಯ ಸಿಮ್‌ಗಳಿಗೆ ತಂದುಕೊಂಡರಾಯಿತು, ಯಾರನ್ನೂ ಕೇಳಬೇಕಿಲ್ಲ. ಪರಿಚಯದ ಕೆಲವು ಕಚೇರಿಗಳಲ್ಲಿ ಹಾಗೇ ನಡೆದಿದೆ. ಗೆಳೆಯರು ಒಂದು ದಿನ ಆ ಕಡೆ ಒಲಿದೂ ಇದ್ದರು. ಅವರನ್ನು ತಡೆದದ್ದು ಪಂಪ್‌ಸೆಟ್ ಮಾಲೀಕರ ಮಾತು.

ಅದನ್ನು ನೆನೆದಾಗಲೇ "ನಮ್ದು ಆತೇನ್ರಿ?" ಎಂದು ಕೇಳಿದ 19 ಮಂದಿಯ ಗುಟ್ಟೂ ಬಿಚ್ಚಿಕೊಂಡಿತು. ರಿಟರ್ನ್ ಸಲ್ಲಿಕೆಯಾದೊಡನೆ ಪೋರ್ಟಲ್ ತಾನಾಗಿ ನೋಂದಾಯಿತ ನಂಬರಿಗೆ, ಇಮೇಲ್‌ಗೆ ತಿಳಿಸುತ್ತದೆ. ನಂಬರ್ ಕಚೇರಿಯದಾದರೆ ಆ ಸುದ್ದಿ ಬರುವುದು ಕಚೇರಿಗೇ, ಪಾರ್ಟಿಗೆ ಏನೂ ತಿಳಿಯುವುದಿಲ್ಲ. ಹಾಗಾಗಿ ಫೋನ್ ಮಾಡಿ ಕೇಳುತ್ತಾರೆ. ಅಕ್ಕಾರು ಹೆಸರು ತಾಳೆ ಹಾಕಿದರು. "ಆತೇನ್ರಿ" ಎಂದ 19 ಮಂದಿಯಲ್ಲಿ 14 ಮಂದಿ ಆ 34 ಪಾರ್ಟಿಗಳವರೇ ಆಗಿದ್ದರು. ಒಟಿಪಿ ಕೇಳುವ ಹೊತ್ತು ಉಳಿಸಲೆಂದು 2017ರಲ್ಲಿ ಹಿಡಿದ ಅಡ್ಡದಾರಿ ವ್ಯಾಪಾರಿಯ ಸುದ್ದಿಯನ್ನೆಲ್ಲ ಗೆಳೆಯರ ಫೋನಿಗೆ ತಿರುಗಿಸಿತ್ತು. ಆ ಸುದ್ದಿಯನ್ನು ಮತ್ತೆ ವ್ಯಾಪಾರಿಗೆ ಮುಟ್ಟಿಸುವುದು ಅವರ ಹೊಸ ಕೆಲಸವಾಗಿತ್ತು.

34 ನಂಬರ್‌ಗಳನ್ನೂ ಮರಳಿಸುವುದೆಂದು ಆಯಿತು. ಪೋರ್ಟಲ್‌ನಲ್ಲಿ ಇದು ಕಷ್ಟದ್ದಲ್ಲ, ಅಧಿಕಾರಿಯ ಒಪ್ಪಿಗೆ ಬೇಕಿಲ್ಲ, ಹೊಸ ನಂಬರಿಗೆ ಒಟಿಪಿ ಬಂದರೆ ಸಾಕು. ಮನುಷ್ಯರನ್ನು ಒಪ್ಪಿಸುವುದು ಕಷ್ಟವಾಯಿತು. "ನಮ್ ಮ್ಯಾಲ ಸಿಟ್ಟಾಗೀರೇನ್ರಿ?" ಎಂದವರಿದ್ದರು. ಸಾದಾ ಫೋನ್ ಇಟ್ಟುಕೊಂಡ ಹಿರಿಯರಿದ್ದರು. ಅವರ ಮನೆಯಲ್ಲಿ ಮಗನೋ ಸೊಸೆಯೋ ಓದಬಲ್ಲವರು ಯಾರು ಎಂದು ಕೇಳಿ, ಆ ಮನೆಯವರನ್ನು ಕರೆಸಿ ಕೂರಿಸಿ, ಯಾವ ಮೆಸೇಜಿಗೆ ಏನು ಅರ್ಥ ಎಂದು ತಿಳಿಸಲು ಆಗಸ್ಟ್ ಪೂರ್ತಿ ಹಿಡಿಯಿತು. ಎರಡು ಪಾರ್ಟಿಗಳು ಬೇರೆ ಕಚೇರಿಗೆ ಹೋದವು. ಅವುಗಳಲ್ಲಿ ಒಂದು, ತಿಂಗಳಿಗೆ 4,000 ರೂಪಾಯಿ ಕೊಡುತ್ತಿದ್ದ ದೊಡ್ಡ ಪಾರ್ಟಿ.

ಈಗ ಒಟಿಪಿಯ ಕೆಲಸ ಹೆಚ್ಚಾಗುತ್ತದೆ, ಅದು ಗೊತ್ತೇ ಇತ್ತು. ಅದಕ್ಕೆ ತಯಾರಿಯನ್ನೂ ಸಲ್ಲಿಕೆಯನ್ನೂ ಬೇರೆ ಮಾಡಿದರು. ಪೋರ್ಟಲ್‌ನಲ್ಲಿ ರಿಟರ್ನ್ ತುಂಬಿ ಉಳಿಸಿ ಇಡಬಹುದು. ಚಲನ್ ಹುಟ್ಟಿಸಿದರೆ ಅದು 15 ದಿನ ನಿಲ್ಲುತ್ತದೆ, ಪಾರ್ಟಿ ತನಗೆ ಅನುಕೂಲವಾದಾಗ ಕಟ್ಟಬಹುದು. ಹಾಗಾಗಿ 14ರಿಂದ ಬೆಳಗಿನ ಹೊತ್ತು ತುಂಬುವುದು, ಉಳಿಸುವುದು, ಚಲನ್ ಕಳಿಸುವುದು, ಇಷ್ಟೇ. ಸಲ್ಲಿಕೆ ಮಧ್ಯಾಹ್ನ ಮೂರರಿಂದ ಐದರವರೆಗೆ ಮಾತ್ರ. ಪ್ರತಿ ಪಾರ್ಟಿಗೂ ಒಂದು ದಿನ, ಅರ್ಧ ತಾಸಿನ ಒಂದು ಸಮಯ ಗೊತ್ತು ಮಾಡಿದರು. ಹಿಂದಿನ ಸಂಜೆಯೇ 'ನಾಳೆ 3.30ಕ್ಕೆ ಫೋನ್ ಹತ್ತಿರ ಇಟ್ಕೊಂಡಿರ್ರಿ' ಎಂಬ ಸಂದೇಶ ಹೋಗುತ್ತಿತ್ತು. ತಯಾರಾಗಿ ಕೂತ ರಿಟರ್ನ್, ಕಟ್ಟಿದ ಚಲನ್, ಕೈಯಲ್ಲಿ ಫೋನ್ ಹಿಡಿದ ವ್ಯಾಪಾರಿ, ಮೂರೂ ಕೂಡಿದರೆ ಸಲ್ಲಿಕೆ ಮೂರು ನಾಲ್ಕು ನಿಮಿಷದ ಮಾತು.

ಧ್ವನಿ ಸಂದೇಶಕ್ಕೂ ಒಂದು ಕಟ್ಟು ಹಾಕಿದರು. ಬಿಲ್ಲಿನ ಮಾತಿಗೆ ಕಳಿಸಲಿ, ಅಡ್ಡಿಯಿಲ್ಲ. ವಿಳಾಸ, ಬ್ಯಾಂಕ್ ಖಾತೆ, ಪಾಲುದಾರ, ಹೊಸ ಗೋದಾಮು, ಇವುಗಳಲ್ಲಿ ಏನು ಬದಲಾದರೂ ಕಚೇರಿಯ ಲ್ಯಾಂಡ್‌ಲೈನ್‌ಗೆ ಫೋನ್ ಮಾಡಿ ಹೇಳಬೇಕು, ಅಲ್ಲಿ ಅದನ್ನು ರಿಜಿಸ್ಟರ್‌ನಲ್ಲಿ ಬರೆದುಕೊಂಡು ಓದಿ ಹೇಳುತ್ತಾರೆ. ಆ ರಿಜಿಸ್ಟರ್ ಕಾಗದದ್ದೇ. ಅದನ್ನು ಮೊಬೈಲಿಗೆ ತರೋಣ ಎಂದು ನಾನು ಹೇಳಲೂ ಇಲ್ಲ.

ಸದ್ದಿಲ್ಲದೆ ಎಲ್ಲಕ್ಕಿಂತ ಹೆಚ್ಚು ಹೊತ್ತು ಉಳಿಸಿದ್ದು ಇನ್ನೊಂದು ತೀರ್ಮಾನ. ವರ್ಷಕ್ಕೆ ಐದು ಕೋಟಿವರೆಗೆ ವಹಿವಾಟು ಇರುವವರು 2021ರ ಜನವರಿಯಿಂದ ಮೂರು ತಿಂಗಳಿಗೊಮ್ಮೆ ರಿಟರ್ನ್ ಸಲ್ಲಿಸಬಹುದು, ನಡುವಿನ ತಿಂಗಳುಗಳಲ್ಲಿ 25ರೊಳಗೆ ಚಲನ್ ಕಟ್ಟಿದರಾಯಿತು. ಅವರ ಪಾರ್ಟಿಗಳಲ್ಲಿ ಬಹುಪಾಲು ಅದಕ್ಕೆ ಅರ್ಹವಾಗಿದ್ದವು. ಎರಡೂವರೆ ವರ್ಷ ಏಕೆ ಬದಲಿಸಲಿಲ್ಲ ಎಂದು ಕೇಳಿದೆ. "ತಿಂಗಳ ರಿಟರ್ನ್ ಇಲ್ಲಂದ್ರ ತಿಂಗಳ ಫೀ ಹೆಂಗ ಕೇಳೂದು?" ಎಂದರು. ಮನಸ್ಸು ಬಿಚ್ಚಿ ಆಡಿದ ಮಾತು ಅದು. ನಮ್ಮ ಎಷ್ಟೋ ಕಚೇರಿಗಳ ದಣಿವಿನ ಹಿಂದೆ ಇಂಥ ಕಾರಣವೇ ಇರುತ್ತದೆ, ನಾವು ಪೋರ್ಟಲ್ ಮೇಲೆ ಹಾಕುತ್ತೇವೆ. ಫೀಯನ್ನು ವರ್ಷದ ಲೆಕ್ಕಕ್ಕೆ ಮಾತಾಡಿಕೊಂಡು ಅಕ್ಟೋಬರ್ 31ರೊಳಗೆ 58 ಪಾರ್ಟಿಗಳನ್ನು ತ್ರೈಮಾಸಿಕಕ್ಕೆ ಬದಲಿಸಿದರು. ಇತರ ವ್ಯಾಪಾರಿಗಳಿಗೆ ಮಾರುವವರು ಮಾತ್ರ ತಮ್ಮ ಬಿಲ್ಲುಗಳನ್ನು 13ರೊಳಗೆ ಏರಿಸಬೇಕಿತ್ತು, ಅವರನ್ನು ಬೇರೆ ಪಟ್ಟಿಯಲ್ಲಿ ಇಟ್ಟರು.

ಅಕ್ಕಾರ ಫೋನ್

ಸೆಪ್ಟೆಂಬರ್, ಅಕ್ಟೋಬರ್ ಚೆನ್ನಾಗಿ ನಡೆದವು ಎಂದೇ ನಾವಿಬ್ಬರೂ ತಿಳಿದಿದ್ದೆವು. ಗೆಳೆಯರು ಎಂಟಕ್ಕೆ ಮನೆಗೆ ಹೋಗುತ್ತಿದ್ದರು. ನವೆಂಬರ್ 21ರ ಬೆಳಿಗ್ಗೆ ಅಕ್ಕಾರು ಕುರ್ಚಿ ಎಳೆದುಕೊಂಡು ಅವರ ಮುಂದೆ ಕೂತರು. "ಸರ, ನಿಮ್ಮ ಫೋನ್ ಸುಮ್ಮನಾತ್ರಿ. ನನ್ನ ಫೋನ್ ಸುಮ್ಮನಾಗವಲ್ದು."

ಒಟಿಪಿ ಸಮಯದ ಸಂದೇಶಗಳನ್ನು ಅವರು ತಮ್ಮ ಸ್ವಂತ ನಂಬರಿನಿಂದ ಕಳಿಸುತ್ತಿದ್ದರು. ಹೇಳಿದ ಹೊತ್ತಿಗೆ ಸಿಗದ ವ್ಯಾಪಾರಿ ರಾತ್ರಿ ಒಂಬತ್ತಕ್ಕೆ ಅವರಿಗೆ ಫೋನ್ ಮಾಡಿ "ಈಗ ಕಳಿಸ್ಲೇನ್ರಿ ಒಟಿಪಿ?" ಎನ್ನುತ್ತಿದ್ದ. ಮಗಳ ಹತ್ತನೇ ತರಗತಿಯ ವರ್ಷ ಅದು. ಮನೆಯಲ್ಲಿ ಇದ್ದದ್ದು ಒಂದೇ ಸ್ಮಾರ್ಟ್‌ಫೋನ್, ಮಗಳ ಪಾಠದ ವಿಡಿಯೊಗಳೂ ಅದರಲ್ಲೇ. ಹುಡುಗಿ ಓದುತ್ತಿದ್ದಾಗ ಪಾರ್ಟಿಗಳ ಫೋನ್ ನಡುವೆ ಬರುತ್ತಿತ್ತು.

ಈ ಪ್ರಕರಣದಲ್ಲಿ ನನಗೆ ಹೆಚ್ಚು ನಾಚಿಕೆ ತಂದ ಭಾಗ ಇದು. ಮಾಲೀಕರ ಉಳಿತಾಯವೆಂದು ನಾವು ಎಣಿಸಿದ್ದರಲ್ಲಿ ದೊಡ್ಡ ಪಾಲು ಸಹಾಯಕಿಯ ಮನೆಯಿಂದ ಬಂದಿತ್ತು. ಅವರಿಗೆ ಅದರ ಸಂಬಳವೂ ಇರಲಿಲ್ಲ, ಬೇಡ ಎನ್ನುವ ಅಧಿಕಾರವೂ ಇರಲಿಲ್ಲ. ಹೊತ್ತು ಉಳಿಯಿತು ಎಂದು ಯಾರಾದರೂ ಹೇಳಿದರೆ ಅದು ಯಾರ ದಿನದಿಂದ ಬಂತು ಎಂದು ಕೇಳುವುದನ್ನು ನಾನು ಕಲಿತದ್ದು ಆ ಬೆಳಿಗ್ಗೆ.

ಸರಿಪಡಿಸಲು ಒಂದು ವಾರ ಸಾಕಾಯಿತು. ಡ್ರಾದಲ್ಲಿದ್ದ ಹಳೆಯ ಫೋನಿನಲ್ಲಿ ವಾಟ್ಸ್‌ಆಪ್ ಬಿಸಿನೆಸ್ ಹಾಕಿ ಅದನ್ನೇ ಕಚೇರಿಯ ನಂಬರ್ ಮಾಡಿದರು. ಸಂಜೆ ಏಳರ ನಂತರ ಯಾರು ಬರೆದರೂ 'ನಾಳೆ ಹತ್ತಕ್ಕೆ ನೋಡುತ್ತೇವೆ, ನೋಟಿಸ್ ಬಂದಿದ್ದರೆ ಅದರ ಫೋಟೊ ಕಳಿಸಿ' ಎಂಬ ಉತ್ತರ ತಾನಾಗಿ ಹೋಗುತ್ತದೆ. ಆ ಫೋನ್ ಕಚೇರಿ ಬಿಟ್ಟು ಹೊರಗೆ ಹೋಗುವುದಿಲ್ಲ. ಮೂರರಿಂದ ಐದರ ಕೆಲಸವನ್ನು ಇಬ್ಬರು ಸಹಾಯಕಿಯರು ದಿನ ಬಿಟ್ಟು ದಿನ ಮಾಡುತ್ತಾರೆ. ಸಮಯ ತಪ್ಪಿಸಿಕೊಂಡ ಪಾರ್ಟಿಗೆ ಮರುದಿನದ ಕೊನೆಯ ಅರ್ಧ ತಾಸು. ಕಚೇರಿ ತನಗೆ ತಾನೇ ಹಾಕಿಕೊಂಡ ಗಡುವು 18 ಆದ್ದರಿಂದ ಇದಕ್ಕೆ ಎರಡು ದಿನದ ಜಾಗ ಇತ್ತು. ಜೊತೆಗೆ ಗೆಳೆಯರು ತಾವೂ ರಾತ್ರಿ ಉತ್ತರ ಬರೆಯುವುದನ್ನು ನಿಲ್ಲಿಸಿದರು. ರಾತ್ರಿ ಹನ್ನೊಂದಕ್ಕೆ ಉತ್ತರ ಕೊಟ್ಟು ಕೊಟ್ಟು ಹನ್ನೊಂದಕ್ಕೂ ಕೇಳಬಹುದು ಎಂದು ಪೇಟೆಗೆ ಕಲಿಸಿದವರು ಅವರೇ ಆಗಿದ್ದರು.

ಉಳಿದ ಹೊತ್ತು ಎಲ್ಲಿ ಹೋಯಿತು

2024ರ ಜನವರಿ 18ರಂದು ಅಕ್ಕಾರು ಮತ್ತೆ ಗೀಟು ಹಾಕಿದರು. ಒಟ್ಟು 46, ಅದರಲ್ಲಿ 33 ಮೂರರಿಂದ ಐದರೊಳಗೆ. "ಆತೇನ್ರಿ" ಮೂರೇ ಮೂರು. ಬೆಳಗಿನ ಮೂರು ತಾಸಿನಲ್ಲಿ ಕೆಲಸ ನಿಂತದ್ದು ಐದು ಸಲ. ಗಡುವಿನ ವಾರದಲ್ಲೂ ಶಟರ್ ಏಳೂವರೆಗೆ ಇಳಿಯಿತು.

ನಾನು ಇಲ್ಲಿಗೆ ಕಥೆ ಮುಗಿಯಿತು ಎಂದುಕೊಂಡೆ. ಗೆಳೆಯರ ಪತ್ನಿ ಬೇರೆ ಲೆಕ್ಕ ಇಟ್ಟಿದ್ದರು. ಡಿಸೆಂಬರ್‌ನಿಂದ ಫೆಬ್ರವರಿಯೊಳಗೆ ಗೆಳೆಯರು ಒಂಬತ್ತು ಹೊಸ ಪಾರ್ಟಿ ಹಿಡಿದಿದ್ದರು. ಹೋದ ಎರಡರ ಜಾಗ ತುಂಬಿ ಏಳು ಹೆಚ್ಚಾಗಿದ್ದವು. ಖಾಲಿ ಬೆಳಗು ಕಂಡ ಕೂಡಲೇ ಅವರು ಅದನ್ನು ಕೆಲಸದಿಂದ ತುಂಬಿದ್ದರು. ಅದರಲ್ಲಿ ತಪ್ಪು ಹುಡುಕಲಾರೆ. ಮನೆ ಸಾಲ ಇರುವ, ಇಬ್ಬರಿಗೆ ಸಂಬಳ ಕೊಡುವ ಮನುಷ್ಯ ಬಂದ ಪಾರ್ಟಿಯನ್ನು ಹಿಂದೆ ಕಳಿಸುವುದು ಸುಲಭವಲ್ಲ. ಆದರೆ ಹೊತ್ತು ಉಳಿಸುವ ವ್ಯವಸ್ಥೆಯನ್ನು ಮಾಡುವಾಗಲೇ ಉಳಿದದ್ದನ್ನು ಯಾವುದಕ್ಕೆ ಎತ್ತಿಡುವುದು ಎಂದು ನಿಶ್ಚಯಿಸಿರಬೇಕಿತ್ತು, ನಾವು ಅದನ್ನು ಮಾತಾಡಿರಲೇ ಇಲ್ಲ. ಮಾರ್ಚ್‌ನಲ್ಲಿ ಮನೆಯಲ್ಲಿ ಕೂತು ಮಾತಾಡಿ 150 ಎಂಬ ಗೆರೆ ಎಳೆದರು. ಅದಕ್ಕಿಂತ ಹೆಚ್ಚಾದರೆ ಮೂರನೆಯ ಸಹಾಯಕಿ ಬಂದ ಮೇಲೆಯೇ.

ಈ ಕಚೇರಿಯ ವೇಳಾಪಟ್ಟಿಯನ್ನು ಹಾಗೇ ಎತ್ತಿ ನಿಮ್ಮಲ್ಲಿ ಹಾಕಿಕೊಳ್ಳಿ ಎಂದು ನಾನು ಹೇಳಲಾರೆ. ಹೋಲ್‌ಸೇಲ್ ಪಾರ್ಟಿಗಳೇ ಹೆಚ್ಚಿರುವ ಕಡೆ ತ್ರೈಮಾಸಿಕದ ದಾರಿ ಸಾಗದು. ಹಾಳೆಯ ಮೇಲೆ ಗೀಟು ಹಾಕುವುದನ್ನಂತೂ ಯಾರು ಬೇಕಾದರೂ ಮಾಡಬಹುದು. ಮಾಲೀಕರೇ ಹಾಕಿಕೊಂಡರೆ ಅರ್ಧ ಮರೆಯುತ್ತಾರೆ, ಪಕ್ಕದ ಕುರ್ಚಿಯವರು ಹಾಕಬೇಕು. ಗೀಟುಗಳಲ್ಲಿ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದ್ದರೆ ಅದರ ಉತ್ತರ ಯಾರ ಫೋನಿನಲ್ಲಿ ಸಿಕ್ಕಿಕೊಂಡಿದೆ ಎಂದು ನೋಡಿ. ಪಾರ್ಟಿಗಳ ನಂಬರ್ ಇನ್ನೂ ನಿಮ್ಮ ಡ್ರಾದ ಸಿಮ್‌ಗಳಲ್ಲಿದ್ದರೆ ನೋಟಿಸ್ ಬರುವವರೆಗೆ ಕಾಯಬೇಡಿ, ಈ ತಿಂಗಳು 21ರಿಂದಲೇ ಮರಳಿಸಲು ಶುರು ಮಾಡಿ.

2024ರ ಜುಲೈ

ನನಗೆ ಅಳುಕಿದ್ದದ್ದು ಜುಲೈ ತಿಂಗಳಿನದು. ತಿಂಗಳ 3ಬಿ 20ಕ್ಕೆ, ತ್ರೈಮಾಸಿಕದ್ದು ನಮ್ಮ ರಾಜ್ಯಕ್ಕೆ 22ಕ್ಕೆ, ಆದಾಯ ತೆರಿಗೆ ರಿಟರ್ನ್ 31ಕ್ಕೆ. ತ್ರೈಮಾಸಿಕಕ್ಕೆ ಬದಲಿಸಿದ 58ರ ಭಾರವೂ ಆ ವಾರದಲ್ಲೇ ಬಂದು ಬೀಳುತ್ತದೆ. ಅದರ ಮೇಲೆ ಆದಾಯ ತೆರಿಗೆಗೆ ಸಂಬಳದಾರರು, ನಿವೃತ್ತರು ಸೇರಿ ಇನ್ನೂ ಇನ್ನೂರು ಮಂದಿ. ಅವರ ರಿಟರ್ನ್ ದೃಢೀಕರಿಸಲು ಕಚೇರಿ ಬಳಸುತ್ತಿದ್ದದ್ದೂ ಆಧಾರ್ ಒಟಿಪಿಯನ್ನೇ, ಅದು ಆಧಾರ್‌ಗೆ ಜೋಡಿಸಿದ ಅವರ ನಂಬರಿಗೇ ಬರುತ್ತದೆ. ಮೂರರಿಂದ ಐದರಲ್ಲಿ ಇಷ್ಟು ಜನರನ್ನು ಕೂರಿಸುವುದು ಸಾಧ್ಯವೇ ಇರಲಿಲ್ಲ. 24ರ ಹೊತ್ತಿಗೆ ಗೆಳೆಯರು ಮತ್ತೆ ರಾತ್ರಿ ಹತ್ತೂವರೆಗೆ ಬಂದು ನಿಂತಿದ್ದರು.

ಅಕ್ಕಾರು ಆವತ್ತು ಒಂದು ಮಾತು ಕೇಳಿದರು: "ಇನ್‌ಕಂ ಟ್ಯಾಕ್ಸ್‌ನ್ಯಾಗ ಸಲ್ಲಿಸಿದ ದಿನಾನ ಒಟಿಪಿ ಹಾಕಬೇಕಂತ ಎಲ್ಲೈತ್ರಿ?" ಎಲ್ಲೂ ಇಲ್ಲ. ರಿಟರ್ನ್ ಸಲ್ಲಿಸಿದ 30 ದಿನದೊಳಗೆ ದೃಢೀಕರಿಸಿದರೆ ಸಲ್ಲಿಸಿದ ತಾರೀಖೇ ಊರ್ಜಿತ. ನಿಯಮ ನಮ್ಮಿಬ್ಬರಿಗೂ ಬಾಯಿಪಾಠ. ಅದು ಹೊತ್ತು ಬಿಡಿಸಿಕೊಳ್ಳುವ ದಾರಿಯೂ ಹೌದೆಂದು ಇಬ್ಬರಿಗೂ ಹೊಳೆದಿರಲಿಲ್ಲ.

25ರಿಂದ 31ರವರೆಗೆ ಅವರು ರಿಟರ್ನ್‌ಗಳನ್ನು ಸಲ್ಲಿಸುತ್ತ ಹೋದರು, ಒಟಿಪಿಗೆ ಯಾರನ್ನೂ ಕರೆಯಲಿಲ್ಲ. ರಿಜಿಸ್ಟರ್‌ನಲ್ಲಿ ಪ್ರತಿ ಹೆಸರಿನ ಮುಂದೆ ಸಲ್ಲಿಸಿದ ತಾರೀಖು, ಅದರ ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ಮೂವತ್ತನೆಯ ದಿನ, ಅದಕ್ಕೂ ಮುಂಚೆ ಒಂದು ಮಧ್ಯಾಹ್ನದ ಸಮಯ. 11 ಮತ್ತು 20ರ ಗಡುವುಗಳನ್ನು ಬಿಟ್ಟು ಆಗಸ್ಟ್ ತುಂಬ ಆ ಕೆಲಸ ನಡೆಯಿತು. ಕೊನೆಯವರು ನಿವೃತ್ತ ಶಾಲಾ ಮಾಸ್ತರರು. ಮಗಳ ಊರಿಗೆ ಹೋಗಿದ್ದ ಅವರು ಆಗಸ್ಟ್ 23ರ ಮಧ್ಯಾಹ್ನ 4.10ಕ್ಕೆ ಫೋನಿನಲ್ಲಿ ಆರು ಅಂಕಿ ಓದಿ ಹೇಳಿದರು. ಅಕ್ಕಾರು ಅವರ ಹೆಸರಿನ ಮೇಲೆ ಗೀಟು ಎಳೆದು ರಿಜಿಸ್ಟರ್ ಮುಚ್ಚಿದರು.